ಇಪ್ಪತ್ತಮೂರನೆಯ ಪ್ರಶ್ನೆ

ಜಾಗ ಒಂದೇ ಇತ್ತು. ಮಂಡ್ಯದ ಕಾಲೇಜೊಂದರಲ್ಲಿ ಫೆಬ್ರವರಿ ಕೊನೆಯ ವಾರ ನಡೆಯಲಿದ್ದ ಪುರಾತತ್ವ ವಿಚಾರ ಸಂಕಿರಣದ ಸುತ್ತೋಲೆಯ ಮೂರನೇ ಪುಟದಲ್ಲಿ ಅದನ್ನು ಎರಡು ಸಾಲಿನಲ್ಲಿ ಹಾಕಿದ್ದರು. ಎಂ.ಎ. ಮುಗಿಸಿ ಐದು ವರ್ಷ ದಾಟದವರು ಕಿರಿಯರ ಗೋಷ್ಠಿಯಲ್ಲಿ ಹತ್ತು ನಿಮಿಷ ಮಾತನಾಡಬಹುದು. ಮೂವರು ತೀರ್ಪುಗಾರರು ಅವರಲ್ಲಿ ಒಬ್ಬರನ್ನು ಮುಂದಿನ ಹಂಗಾಮಿನ ಉತ್ಖನನ ತಂಡಕ್ಕೆ ಆರಿಸುತ್ತಾರೆ. ನನ್ನ ಡೈರಿಯ ಪ್ರಕಾರ ಅಷ್ಟರಲ್ಲಿ ನಾನು ಹನ್ನೊಂದು ಕಡೆ ಅರ್ಜಿ ಹಾಕಿದ್ದೆ. ಎರಡು ಕಡೆಯಿಂದ ಉತ್ತರ ಬಂದಿತ್ತು. ಎರಡರಲ್ಲೂ ಒಂದೇ ಮಾತು, ಉತ್ಖನನದಲ್ಲಿ ಕೆಲಸ ಮಾಡಿದ ಅನುಭವ ಬೇಕು. ಯಾರಾದರೂ ಒಂದು ಸಲ ಗುಂಡಿಗೆ ಇಳಿಸಿಕೊಳ್ಳದೆ ಆ ಅನುಭವ ಬರುವುದು ಹೇಗೆ? ನನಗೆ ಆ ಜಾಗ ಬೇಕೇ ಬೇಕಿತ್ತು.

ಹೇಳುವುದಕ್ಕೆ ನನ್ನ ಹತ್ತಿರ ಸಂಗತಿಯೂ ಇತ್ತು. ಜನವರಿ 20ರಿಂದ ಫೆಬ್ರವರಿ 4ರ ನಡುವೆ ಹನ್ನೆರಡು ದಿನ ನಾನು ಮದ್ದೂರಿನಲ್ಲಿ ಬೆಳಗಿನ ಬಸ್ಸು ಹತ್ತಿ, ಭಾರತೀನಗರ ದಾಟಿ, ಮಳವಳ್ಳಿ ತಾಲ್ಲೂಕಿನ ಒಂದು ಊರಿಗೆ ಹೋಗಿ ಬಂದಿದ್ದೆ. ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ. ರಾಗಿ ಕೊಯ್ಲಾಗಿ ಹೊಲ ಬಯಲಾಗಿತ್ತು. ಹೊಲದೊಡತಿ ಅರವತ್ತು ದಾಟಿದ ಹೆಂಗಸು. ನಾನು ಅವರನ್ನು ಅವ್ವ ಎನ್ನುತ್ತಿದ್ದೆ. ಅವರ ಒಪ್ಪಿಗೆ ಪಡೆದು ಗೂಟ ನೆಟ್ಟು, ನೂಲು ಕಟ್ಟಿ, ಐದು ಮೀಟರಿಗೆ ಐದು ಮೀಟರಿನ ಇಪ್ಪತ್ತು ಚೌಕ ಮಾಡಿಕೊಂಡೆ. ಅಗೆಯುವ ಅಧಿಕಾರ ನನಗಿಲ್ಲ. ನೆಲದ ಮೇಲೆ ಬಿದ್ದದ್ದನ್ನು ಆಯ್ದು, ಎಣಿಸಿ, ಚೌಕಕ್ಕೊಂದು ಚೀಲದಂತೆ ತುಂಬಿಡುವುದಷ್ಟೇ ನನ್ನ ಕೆಲಸ.

ಮೊದಲ ದಿನದ ಪುಟದಲ್ಲಿ ಊಟದ ಹೊತ್ತನ್ನೂ ಬರೆದಿದ್ದೇನೆ: 'ಮಧ್ಯಾಹ್ನ 1.20. ಕಾಲುವೆ ದಾಟಲು ಹಾಕಿದ ಚಪ್ಪಡಿ ಕಲ್ಲಿನ ಮೇಲೆ ಕೂತು ಬುತ್ತಿ. ನೆರಳಿದೆ.'

ಹನ್ನೆರಡನೇ ದಿನಕ್ಕೆ ಸಿಕ್ಕ ಮಡಕೆ ಚೂರುಗಳ ಲೆಕ್ಕ ಹೀಗಿತ್ತು. ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಹಳೆಯ ಬಗೆಯವು 96. ಪೂರ್ತಿ ಕಪ್ಪು 41. ಪೂರ್ತಿ ಕೆಂಪು 68. ಯಾವುದೆಂದು ತಿಳಿಯದವು 9. ಒಟ್ಟು 214. ಅತಿ ಹೆಚ್ಚು ಸಿಕ್ಕಿದ್ದು ಏಳನೇ ಚೌಕದಲ್ಲಿ. ಕಪ್ಪು-ಕೆಂಪು ಚೂರು ಎಂದರೆ ನಮ್ಮ ಕಡೆ ಕಬ್ಬಿಣ ಬಳಸಲು ಶುರುಮಾಡಿದ ಕಾಲದ ಜನರ ಗುರುತು. ಚೂರಿನ ಜೊತೆ ಇನ್ನೆರಡು ಸಂಗತಿ ಬರೆದುಕೊಂಡಿದ್ದೆ. ಒಂದು, ಸುತ್ತಲ ಹೊಲಗಳ ಕೆಮ್ಮಣ್ಣಿನ ನಡುವೆ ಈ ಹೊಲದ ಮಣ್ಣಿಗೆ ಬೂದಿ ಬಣ್ಣ. ಜನ ಒಲೆ ಉರಿಸಿ ಬಾಳಿದ ಜಾಗದ ಮಣ್ಣು ಹೀಗಿರುತ್ತದೆ. ಎರಡು, ಸಣ್ಣ ಬಸವನಹುಳದ ಚಿಪ್ಪು 31, ತಿಂದು ಎಸೆದಿರಬಹುದು. ಮೂರನ್ನೂ ಸೇರಿಸಿ, 'ಹೊಸದಾಗಿ ಪತ್ತೆಯಾದ ಕಬ್ಬಿಣಯುಗದ ವಸತಿ ನೆಲೆ' ಎಂಬ ಶೀರ್ಷಿಕೆ ಕೊಟ್ಟು ಫೆಬ್ರವರಿ 6ರಂದು ಸಾರಾಂಶ ಕಳಿಸಿದೆ.

ಅದನ್ನು ಓದಿ ನನಗಿಂತ ಹೆಚ್ಚು ಸಂತೋಷಪಟ್ಟವರು ನಮ್ಮ ಮೇಷ್ಟ್ರು. ಇತಿಹಾಸದ ಉಪನ್ಯಾಸಕರಾಗಿ ನಿವೃತ್ತರಾದವರು. ಮೊದಲು ಸೈಕಲ್ಲಿನಲ್ಲಿ, ಆಮೇಲೆ ಸ್ಕೂಟರಿನಲ್ಲಿ ಮೂರು ತಾಲ್ಲೂಕು ಸುತ್ತಿ, ಹಳೆಯ ನೆಲೆಗಳ ಒಂದು ಪಟ್ಟಿ ಮಾಡಿದ್ದರು. ಅದರಲ್ಲಿ ನಲವತ್ತಾರು ಜಾಗಗಳಿದ್ದವು. ನಲವತ್ತೇಳನೆಯದಾಗಿ ನನ್ನ ಹೊಲವನ್ನು ತಮ್ಮ ಕೈಯಾರೆ ಬರೆದು ಸಂಕಿರಣದ ಪುಸ್ತಕಕ್ಕೆ ಅಚ್ಚಿಗೆ ಕೊಟ್ಟರು. "ಆ ಜಾಗ ನಿಂದೇ ಕಣಮ್ಮ. ಬಟ್ಟೆ ಗಂಟು ಕಟ್ಕೋ," ಎಂದರು.

ಫೆಬ್ರವರಿ 22, ಭಾನುವಾರ, ಸಂಜೆ. ಮನೆಯ ಜಗಲಿಯಲ್ಲಿ ಎರಡು ಟಬ್ಬು ನೀರು ಇಟ್ಟುಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಏಳನೇ ಚೌಕದ ಚೂರುಗಳನ್ನು ತೊಳೆಯುತ್ತಿದ್ದೆ. ಅಪ್ಪ ಗೆಜ್ಜಲಗೆರೆಯ ಫ್ಯಾಕ್ಟರಿಯಿಂದ ಶಿಫ್ಟು ಮುಗಿಸಿ ಬಂದು, ಕೈಕಾಲು ತೊಳೆಯಲು ಹೋಗುವವರು ನಿಂತು ಟಬ್ಬಿನೊಳಗೆ ಬಗ್ಗಿ ನೋಡಿದರು. ತಳದ ಕೆಸರನ್ನು ಎರಡು ಬೆರಳಲ್ಲಿ ಉಜ್ಜಿದರು.

"ಎಲ್ಲಿಂದ ತಂದೆವ್ವಾ ಈ ಗೋಡ?"

"ಗೋಡಲ್ಲಪ್ಪ. ಹೊಲದ ಮಣ್ಣು, ಚೂರಿಗೆ ಅಂಟ್ಕೊಂಡಿತ್ತು."

"ಯಾವ್ ಒಲದಲ್ಲವ್ವ ಬಸವನುಳ ಇದ್ದಾದು?" ಒಂದು ಚಿಪ್ಪನ್ನು ಅಂಗೈಯಲ್ಲಿಟ್ಟು ತೋರಿಸಿದರು. "ಕೆರೆ ಗೋಡು ಕಣವ್ವ ಇದು. ಉಡುಗ್ನಾಗಿದ್ದಾಗ ಮಂಕ್ರಿ ಮಂಕ್ರಿ ತಲೆ ಮ್ಯಾಲೆ ಒತ್ತಿವ್ನಿ. ನಂಗೊತ್ತಾಗಕಿಲ್ವಾ?"

ಬ್ರಷ್ಷು ಕೈಯಲ್ಲೇ ಇತ್ತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ತಳದ ಹೂಳನ್ನು, ಅಂದರೆ ಗೋಡನ್ನು, ತೆಗೆದು ಸಾರಕ್ಕೆಂದು ಹೊಲಕ್ಕೆ ಹರಡುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ನಮ್ಮ ಒಂದು ಎಕರೆಗೂ ಅಪ್ಪ ಹೊಡೆಸಿದ್ದಾರೆ. ಹಿಂದಿನ ವರ್ಷ ಗೋಡು ತಂದ ಟ್ರಾಕ್ಟರಿಗೆ ದಾರಿ ಬಿಡಲು ಬೇಲಿ ಸರಿಸಿದವಳು ನಾನೇ. ಬೂದಿ ಬಣ್ಣದ ಮಣ್ಣು ಕೆರೆಯದು. ಚಿಪ್ಪು ಕೆರೆಯದು. ಹಾಗಾದರೆ ಚೂರು? ಎಣಿಕೆಯಲ್ಲಿ ಒಂದೂ ತಪ್ಪಿರಲಿಲ್ಲ, ಆದರೆ ಆ ಎಣಿಕೆಯಿಂದ ನಾನು ಕಟ್ಟಿದ ಊರು ಅಲ್ಲಿರಲೇ ಇಲ್ಲ. ಡೈರಿಯಲ್ಲಿ ಆ ದಿನದ ಪುಟದಲ್ಲಿ ಸಮಯ ಮಾತ್ರ ಇದೆ, 6.10. ಅದರ ಮುಂದೆ ಏನೂ ಬರೆದಿಲ್ಲ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಹೊಲದಂಚಿನಲ್ಲಿ ನೀರು ಹರಿದು ಕೊರೆದ ಕಡೆ ಕರಣೆಯಿಂದ ಮಣ್ಣು ಕೆರೆದು ನೋಡಿದೆ. ಮೇಲೆ ನಾಲ್ಕು ಬೆರಳು ಬೂದು ಮಣ್ಣು, ಅದರಲ್ಲಿ ಚೂರು. ಕೆಳಗೆ ಕೆಮ್ಮಣ್ಣು, ಅದರಲ್ಲಿ ಒಂದು ಚೂರೂ ಇಲ್ಲ. ಹೊಲದ ಅವ್ವ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಹೊಲಕ್ಕೆ ಗೋಡು ಹೊಡೆಸಿದ್ದರಾ ಎಂದು ಕೇಳಿದೆ.

"ಊಂ ಕಣಮ್ಮ, ಓದ್ ಬ್ಯಾಸ್ಗೇಲಿ ಒಡಿಸ್ದೆ. ನಾನೊಬ್ಳೇ ಅಲ್ಲ, ಅದ್ನಾಕ್ ಒಲಕ್ಕೆ ಒಡಿಸ್ಕಂಡ್ರು."

"ಮತ್ತೆ ನನಗ್ಯಾಕವ್ವ ಹೇಳ್ಲಿಲ್ಲ?"

"ನೀ ಕೇಳ್ಲೇ ಇಲ್ವಲ್ಲ ಮಗಾ! ಬಾವಿ ಎಷ್ಟಡಿ ಅಂತ ಕೇಳ್ದೆ. ನೇಗ್ಲಾ, ಟ್ರಾಕ್ಟ್ರಾ ಅಂತ ಕೇಳ್ದೆ. ಸತ್ತೋದ ನಮ್ಮತ್ತೆ ಎಸ್ರೂ ಬರ್ಕಂಡೆ. ಓದ್ದೋಳು ಮಡಕೆ ಬೋಕಿ ಆಯ್ತಾವ್ಳೆ, ಇವಳಿಗೆ ಗೋಡು ಗೊಬ್ಬರದ ಮಾತು ಯಾಕೆ ಅಂತ ನಾನೇ ಸುಮ್ಕಾದೆ."

ನನ್ನ ನಮೂನೆಯಲ್ಲಿ ಇಪ್ಪತ್ತೆರಡು ಪ್ರಶ್ನೆಗಳಿದ್ದವು. ಮೇಷ್ಟ್ರು ತಯಾರಿಸಿದ್ದು, ನಾನು ಎರಡು ಸೇರಿಸಿದ್ದೆ. ಗೋಡಿನದು ಅದರಲ್ಲಿರಲಿಲ್ಲ. ರೈತರ ಮಕ್ಕಳಾದ ನಮಗಿಬ್ಬರಿಗೂ ಅದು ಕೇಳಬೇಕಾದ ಸಂಗತಿ ಎಂದೇ ಅನ್ನಿಸಿರಲಿಲ್ಲ.

ಗೋಡು ಸಾಗಿಸಿದ ಟ್ರಾಕ್ಟರಿನವನು ಅದೇ ಊರಿನವನು. ಎಷ್ಟು ಲೋಡು ಎಂದು ಕೇಳಿದರೆ ಶೆಡ್ಡಿನೊಳಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದ. ಇದ್ದಿಲಿನಲ್ಲಿ, ಲೋಡಿಗೊಂದರಂತೆ, ಐದೈದು ಗೀಟಿನ ಗುಂಪು, ಪ್ರತಿ ಹೊಲಕ್ಕೂ ಒಂದು ಸಾಲು. "ನೀವೊಬ್ರೇ ಗೀಟು ಎಳೀತೀರಿ ಅನ್ಕಂಡ್ರಾ ಮೇಡಮ್ಮೋರೆ? ನಮ್ದೂ ಲೆಕ್ಕ ಪಕ್ಕಾ," ಎಂದು ನಕ್ಕ. ಅವ್ವನ ಹೊಲದ ಸಾಲಿನಲ್ಲಿ ಮೂವತ್ತೆಂಟು ಗೀಟಿದ್ದವು. ಗೋಡೆಯ ಫೋಟೋ ತೆಗೆದುಕೊಂಡೆ. ನನಗೆ ನಗು ಬರಲಿಲ್ಲ.

ಫೆಬ್ರವರಿ 24ರಂದು ಮೇಷ್ಟ್ರ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಪುಸ್ತಕ ಅಚ್ಚಾಗಿ ಬಂದಾಯ್ತು," ಎಂದರು. "ನೋಡಮ್ಮ, ಬರೆದಿರೋದನ್ನ ಹತ್ತು ನಿಮಿಷ ಓದಿ ಇಳಿದು ಬಾ. ಜಾಗ ಸಿಗಲಿ. ಗೋಡಿನ ವಿಚಾರ ಆಮೇಲೆ ನಾವೇ ತಿದ್ದಿ ಬರೆಯೋಣ. ಸುಳ್ಳು ಹೇಳು ಅಂತಿಲ್ಲ. ಈಗ ಬೇಡ ಅಂತಿದೀನಿ, ಅಷ್ಟೇ."

ಅವರು ಅದನ್ನು ತಮಗಾಗಿ ಹೇಳಲಿಲ್ಲ. ಹಾಗೆ ಹೇಳಿದ್ದರೆ ನಿರ್ಧಾರ ಸುಲಭವಾಗುತ್ತಿತ್ತು. ಸಂಕಿರಣದ ಸಂಚಾಲಕರಿಗೂ ಫೋನು ಮಾಡಿದೆ. ಶೀರ್ಷಿಕೆ ಬದಲಿಸಲು ಆಗುವುದಿಲ್ಲ, ಬೇಕಿದ್ದರೆ ಹೆಸರು ವಾಪಸ್ ತೆಗೆದುಕೊಳ್ಳಿ ಎಂದರು.

ಫೆಬ್ರವರಿ 26ರ ಬೆಳಿಗ್ಗೆ ಮಂಡ್ಯದಲ್ಲಿ ಕಿರಿಯರಿಗೆಂದೇ ಮಡಕೆಯ ಚಿತ್ರ ಬರೆಯುವ ತರಬೇತಿ ಇತ್ತು. ತಮ್ಮದೊಂದು ಬಾಯಂಚಿನ ಚೂರು ತರಬೇಕೆಂದು ಹೇಳಿದ್ದರು. ಏಳನೇ ಚೌಕದಿಂದ ಅಂಗೈ ಅಗಲದ್ದೊಂದನ್ನು ಒಯ್ದಿದ್ದೆ. ಒಂದರೊಳಗೊಂದು ವೃತ್ತ ಬರೆದ ಹಾಳೆಯ ಮೇಲೆ ಚೂರಿನ ಅಂಚನ್ನು ಕೂರಿಸಿ, ಯಾವ ವೃತ್ತಕ್ಕೆ ಹೊಂದುತ್ತದೆಂದು ನೋಡಿದರೆ ಇಡೀ ಮಡಕೆಯ ಬಾಯಿ ಎಷ್ಟಗಲ ಇತ್ತೆಂದು ತಿಳಿಯುತ್ತದೆ. ನನ್ನದು ಹದಿನೆಂಟು ಸೆಂಟಿಮೀಟರ್. ಹೇಳಿಕೊಡುತ್ತಿದ್ದವರೇ ಉತ್ಖನನದ ನಿರ್ದೇಶಕಿ, ಮಧ್ಯಾಹ್ನದ ತೀರ್ಪುಗಾರರಲ್ಲಿ ಒಬ್ಬರು. ನನ್ನ ಚೂರನ್ನು ಹೊರಳಿಸಿ ನೋಡಿದರು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು, ಮುಂದಿನ ಮೇಜಿಗೆ ಹೋದರು.

ಗೋಷ್ಠಿಯಲ್ಲಿ ಒಂಬತ್ತು ಜನ. ನಾನು ಆರನೆಯವಳು. ನನಗಿಂತ ಮೊದಲು ಮಾತನಾಡಿದ ಐವರಲ್ಲಿ ಮೂವರು 'ಹೊಸದಾಗಿ ಪತ್ತೆ' ಎಂಬ ಮಾತು ಬಳಸಿದರು. ಮೇಷ್ಟ್ರು ಎರಡನೇ ಸಾಲಿನಲ್ಲಿ ಕೂತು, ಪುಸ್ತಕವನ್ನು ತಮ್ಮ ಪಟ್ಟಿಯ ಪುಟಕ್ಕೆ ತೆರೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನನ್ನ ಕೈಯಲ್ಲಿ ಎರಡು ಕಟ್ಟು ಕಾಗದವಿತ್ತು. ಮೊದಲಿನದು ಬರೆದಿದ್ದ ಹತ್ತು ನಿಮಿಷ. ಎರಡನೆಯದರಲ್ಲಿ ಟ್ರಾಕ್ಟರ್ ಶೆಡ್ಡಿನ ಗೋಡೆಯ ಫೋಟೋ.

ಮೆಟ್ಟಿಲು ಹತ್ತುವವರೆಗೂ ಮೊದಲಿನದನ್ನೇ ಓದುವುದೆಂದುಕೊಂಡಿದ್ದೆ. ಶೀರ್ಷಿಕೆ ಓದಿದೆ. 'ವಸತಿ ನೆಲೆ' ಎಂಬ ಮಾತು ಬಾಯಿಂದ ಹೊರಟಾಗ ಅಪ್ಪನ ಅಂಗೈಯ ಚಿಪ್ಪು ಕಣ್ಣಿಗೆ ಬಂತು. ಸಭೆಯಲ್ಲಿ ಗೋಡು ಹೊತ್ತವರ ಮಕ್ಕಳು ಎಷ್ಟು ಜನ ಇದ್ದಾರೋ ಎನ್ನಿಸಿತು. "ಈ ಶೀರ್ಷಿಕೆ ತಪ್ಪು," ಎಂದೆ. "ಅಲ್ಲಿ ವಸತಿ ಇಲ್ಲ. ಅದು ಕೆರೆಯಿಂದ ಬಂದ ಮಣ್ಣು." ಉಳಿದ ಒಂಬತ್ತು ನಿಮಿಷದಲ್ಲಿ ನಾನು ಎಲ್ಲೆಲ್ಲಿ ಎಡವಿದೆ ಎನ್ನುವುದನ್ನು ಒಂದೊಂದಾಗಿ ಹೇಳಿದೆ, ಮಣ್ಣು, ಚಿಪ್ಪು, ನಾಲ್ಕು ಬೆರಳು, ಮೂವತ್ತೆಂಟು ಗೀಟು.

ನಿರ್ದೇಶಕಿ ಮೈಕು ಹತ್ತಿರಕ್ಕೆ ಎಳೆದುಕೊಂಡರು. "ಚೂರುಗಳ ಅಂಚು ಸವೆದಿದೆಯಾ, ಚೂಪಾಗಿದೆಯಾ?"

"214ರಲ್ಲಿ 163 ಚೂಪು ಮೇಡಂ. ನೇಗಿಲಿಗೆ ಸಿಕ್ಕಿ ಮುರಿದಿರಬಹುದು ಅಂತ ಬರ್ಕೊಂಡಿದ್ದೆ."

"ನೀರಲ್ಲಿ ಉರುಳಿ ಕೆರೆಗೆ ಬಂದಿದ್ದರೆ ಸವೆದಿರಬೇಕಿತ್ತು. ಒಂದೇ ಉಳುಮೆಗೆ ಇಷ್ಟು ಮುರಿಯೋದಿಲ್ಲ. ಗೋಡು ಕೆರೆಯ ಯಾವ ಮೂಲೆಯದು? ಎಷ್ಟು ಆಳದ್ದು?"

ಲೋಡು ಎಣಿಸಿದ್ದೆ. ಎಲ್ಲಿಂದ ಎಂದು ಕೇಳಿರಲಿಲ್ಲ. ನಾಲ್ಕು ದಿನದಲ್ಲಿ ಎರಡನೇ ಸಲ ಅದೇ ತಪ್ಪು. "ಕೇಳಿಲ್ಲ ಮೇಡಂ," ಎಂದೆ.

ಆಗ ಎರಡನೇ ಸಾಲಿನಲ್ಲಿ ಮೇಷ್ಟ್ರು ಎದ್ದು ನಿಂತರು. ನನ್ನನ್ನು ಬಯ್ಯುತ್ತಾರೆ ಎಂದೇ ಅಂದುಕೊಂಡೆ. "ಪುಸ್ತಕದಲ್ಲಿರೋ ಪಟ್ಟಿ ಮಾಡಿದವನು ನಾನು," ಎಂದರು. "ನಲವತ್ತೇಳು ಜಾಗ ಇದೆ. ಎಷ್ಟು ಹೊಲಕ್ಕೆ ಗೋಡು ಹೊಡೆದಿದ್ದಾರೆ ಅಂತ ನನಗೆ ಗೊತ್ತಿಲ್ಲ. ಮೂವತ್ತು ವರ್ಷದಲ್ಲಿ ನಾನೂ ಕೇಳಿಲ್ಲ." ಅಷ್ಟು ಹೇಳಿ ಕೂತರು. ಅವರು ಪುಸ್ತಕ ಮುಚ್ಚಿದ ಸದ್ದು ವೇದಿಕೆಗೂ ಕೇಳಿಸಿತು.

ಮಾರನೆಯ ಸಂಜೆ ಚಹಾದ ಮೇಜಿನ ಪಕ್ಕದ ಬೋರ್ಡಿನಲ್ಲಿ ಫಲಿತಾಂಶ ಅಂಟಿಸಿದರು. ಜಾಗ ಎಂಟನೆಯದಾಗಿ ಮಾತನಾಡಿದ ಯುವಕನಿಗೆ ಸಿಕ್ಕಿತ್ತು. ನನ್ನ ಹೆಸರಿನ ಮುಂದೆ 'ಸಾರಾಂಶಕ್ಕೂ ಮಂಡನೆಗೂ ಹೊಂದಿಕೆಯಿಲ್ಲ, ಪರಿಗಣಿಸಿಲ್ಲ' ಎಂದಿತ್ತು. ಗೊತ್ತಿದ್ದೇ ಮಾಡಿದ್ದೆ. ಆದರೂ 'ಪರಿಗಣಿಸಿಲ್ಲ' ಎಂಬುದನ್ನು ಅಚ್ಚಿನಲ್ಲಿ ನೋಡಿದ್ದು ಬೇರೆಯೇ ಆಗಿತ್ತು. ಸೋತದ್ದೂ ಅಲ್ಲ, ಎಣಿಕೆಗೇ ಬಾರದೆ ಹೋದದ್ದು. ಹನ್ನೆರಡನೇ ಅರ್ಜಿ ಎಂದು ಡೈರಿಯಲ್ಲಿ ಗುರುತು ಹಾಕಿದೆ.

ಮದ್ದೂರಿನ ಬಸ್ಸಿನಲ್ಲಿ ಮೇಷ್ಟ್ರು ಪಕ್ಕದಲ್ಲೇ ಕೂತಿದ್ದರು. ಗೆಜ್ಜಲಗೆರೆಯಲ್ಲಿ ಫ್ಯಾಕ್ಟರಿಯವರು ಹತ್ತಿ ಬಸ್ಸು ತುಂಬಿತು. ಆಮೇಲೆ ಮೇಷ್ಟ್ರು ಕಿಟಕಿಯ ಕಡೆ ನೋಡುತ್ತಲೇ ಕೇಳಿದರು, "ಸೋಮವಾರ ಮಳವಳ್ಳಿ ಕಡೆ ಮೊದಲ ಬಸ್ಸು ಎಷ್ಟೊತ್ತಿಗೆ?"

ಮಾರ್ಚ್ 2, ಸೋಮವಾರ. ಟ್ರಾಕ್ಟರಿನವನು ನಮ್ಮಿಬ್ಬರನ್ನೂ ಕೆರೆಗೆ ಕರೆದುಕೊಂಡು ಹೋದ. ನೀರು ಏರಿಯ ಕಡೆಗೆ ಸರಿದು, ಹಿನ್ನೀರಿನ ಭಾಗ ಒಣಗಿ ಬಿರಿದಿತ್ತು. ಈಶಾನ್ಯದ ಮೂಲೆಯಲ್ಲಿ ಜೆಸಿಬಿ ಕಡಿದ ಮಣ್ಣು ಗೋಡೆಯಂತೆ ಆಳೆತ್ತರ ನಿಂತಿತ್ತು.

"ಅದ್ನಾಕ್ ಒಲಕ್ಕೂ ಇಲ್ಲಿಂದ್ಲೇ ಒಡೆದಿದ್ದು. ನಡುಮದ್ಯದ್ ಗೋಡು ಮುಗ್ದೋಗಿತ್ತು, ಅದ್ಕೇ ಈ ಮೂಲೇಗೆ ಬಂದೊ," ಎಂದ. "ಇಲ್ಲಿ ಬಕೇಟು ಠಣ್ ಅಂತು ಸಾ. ನೋಡುದ್ರೆ ಚಪ್ಪಡಿ. ನಾಕು ನಿಂತಿದ್ದೊ, ಒಂದು ಮ್ಯಾಲೆ ಮುಚ್ಚಿತ್ತು, ಥೇಟು ಪೆಟ್ಗೆ ಇದ್ದಂಗೆ."

ಮೇಷ್ಟ್ರು ನಿಂತಲ್ಲೇ ನಿಂತರು. ನಿಂತ ನಾಲ್ಕು ಚಪ್ಪಡಿ, ಮುಚ್ಚಿದ ಒಂದು. ಅದು ಸತ್ತವರನ್ನು ಮಡಕೆಗಳ ಜೊತೆ ಇಡುತ್ತಿದ್ದ ಕಲ್ಲಿನ ಗೋರಿ. ಆಮೇಲೆ ಯಾವುದೋ ಕಾಲದಲ್ಲಿ ಅಲ್ಲಿ ಕೆರೆ ಕಟ್ಟಿದ್ದಾರೆ, ಗೋರಿ ನೀರಿನಡಿ ಹೋಗಿದೆ, ಮೇಲೆ ಹೂಳು ತುಂಬಿದೆ.

"ಆ ಕಲ್ಲುಗಳು ಈಗ ಎಲ್ಲಿವೆ ಅಣ್ಣ?" ಎಂದೆ.

ಅವನು ನನ್ನ ಮುಖವನ್ನೇ ನೋಡಿದ. "ಅದ್ರ ಮ್ಯಾಲೇ ಅಲ್ವಾ ಮೇಡಮ್ಮೋರೆ ದಿನಾ ನೀವು ಕೂತ್ಕಂಡು ಬುತ್ತಿ ಉಣ್ತಿದ್ದುದ್ದು? ಕಾಲ್ವೆ ದಾಟಾಕೆ ಚೆಂದಾಗಿದೆ ಅಂತ ಅಲ್ಲಿಗಾಕ್ಬುಟ್ಟೊ."

ಹನ್ನೆರಡು ದಿನ. ಹನ್ನೆರಡು ಬುತ್ತಿ. ಗೋಡಿನ ಜೊತೆ ಬಂದದ್ದು ಗೋರಿಯೊಳಗಿನ ಮಡಕೆಗಳು. ಅವು ಒಡೆದದ್ದು ನೇಗಿಲಿಗೆ ಸಿಕ್ಕಿ ಅಲ್ಲ, ಜೆಸಿಬಿಯ ಬಕೆಟ್ಟಿನಲ್ಲಿ.

ಮೇಷ್ಟ್ರು ಆಗಲೇ ಕಡಿದ ಗೋಡೆಯ ಹತ್ತಿರ ಹೋಗಿದ್ದರು. "ಬಾಮ್ಮ ಇಲ್ಲಿ. ಏನನ್ನೂ ಮುಟ್ಟಬೇಡ," ಎಂದರು. ಅವರ ದನಿ ಬೇರೆಯಾಗಿತ್ತು. ಮೊಣಕಾಲೆತ್ತರದಲ್ಲಿ, ಬೂದು ಮಣ್ಣಿನ ಕೆಳಗೆ, ಒಂದು ಮಡಕೆ ಗೋಡೆಯಲ್ಲಿ ಅರ್ಧ ಉಳಿದಿತ್ತು. ನಮ್ಮ ಕಡೆಯ ಅರ್ಧವನ್ನು ಜೆಸಿಬಿ ಒಯ್ದಿತ್ತು. ಒಳಗೆ ಕಪ್ಪು, ಹೊರಗೆ ಕೆಂಪು. ಅಳತೆಪಟ್ಟಿ ಹಿಡಿದೆ. ಬಾಯಿಯ ಅಗಲ ಹದಿನೆಂಟು.

ತರಬೇತಿಗೆ ಒಯ್ದಿದ್ದ ಚೂರು ಇನ್ನೂ ನನ್ನ ಚೀಲದಲ್ಲೇ ಇತ್ತು. ಎರಡೂ ಕೈಯಲ್ಲಿ ಹಿಡಿದು, ಗೋಡೆಯ ಮಡಕೆಗೆ ತಾಗಿಸದೆ, ಒಂದು ಕೂದಲೆಳೆ ದೂರದಲ್ಲಿ ತಂದೆ. ಎಡಗಡೆ ಹೊಂದಲಿಲ್ಲ. ಬಲಗಡೆಗೆ ತಂದೆ. ಅಲ್ಲಿ ಬಾಯಂಚು ಮುರಿದ ಕಡೆ ಒಂದು ಹಲ್ಲಿನಂಥ ಉಬ್ಬಿತ್ತು. ನನ್ನ ಚೂರಿನಲ್ಲಿ ಅದೇ ಆಕಾರದ ತಗ್ಗು. ಉಬ್ಬಿಗೆ ತಗ್ಗು, ತಗ್ಗಿಗೆ ಉಬ್ಬು, ಎರಡೂ ಹೊಂದಿದವು.

ಟ್ರಾಕ್ಟರಿನವನು ಬಗ್ಗಿ ನೋಡಿ, "ಅಯ್ಯೋ ಸಿವನೇ, ಒಡೆದವರು ನಾವೇನಾ ಹಂಗಾದ್ರೆ?" ಎಂದ.

ಅಲ್ಲಿಂದಲೇ ಫೋಟೋ ತೆಗೆದು ನಿರ್ದೇಶಕಿಗೆ ಕಳಿಸಿದೆ. ಹನ್ನೊಂದು ನಿಮಿಷಕ್ಕೆ ಉತ್ತರ ಬಂತು: 'ಜಾಗ ಕೊಟ್ಟಾಗಿದೆ, ಅದು ಬದಲಾಗುವುದಿಲ್ಲ. ಗುರುವಾರ ನಾನೇ ಬರುತ್ತೇನೆ. ಅಲ್ಲಿಯವರೆಗೆ ಆ ಗೋಡೆಯಿಂದ ಒಂದು ಹಿಡಿ ಮಣ್ಣೂ ಹೋಗಬಾರದು. ಗೋರಿ ಸಿಕ್ಕಿದ ಊರು ಯಾವುದೆಂದು ಯಾರಿಗೂ ಹೇಳಬೇಡಿ, ಕಳ್ಳರು ಅಗೆದಾರು.' ಮೊದಲ ಸಾಲನ್ನು ಎರಡು ಸಲ ಓದಿದೆ, ಉಳಿದದ್ದನ್ನು ನಾಲ್ಕು ಸಲ. ಈ ಬೇಸಿಗೆಯ ಗೋಡು ತೆಗೆಯಲು ಜೆಸಿಬಿ ಅದೇ ಬುಧವಾರ ಬರುವುದಿತ್ತು. "ಆ ಮೂಲೇಗೆ ನಾ ಬುಡಾಕಿಲ್ಲ ಬುಡಿ. ಟ್ರಾಕ್ಟ್ರನ್ನೇ ಅಡ್ಡ ನಿಲ್ಲುಸ್ತೀನಿ," ಎಂದ ಟ್ರಾಕ್ಟರಿನವನು. ಅವತ್ತೇ ಮಧ್ಯಾಹ್ನ ಮೇಷ್ಟ್ರೂ ನಾನೂ ಮಳವಳ್ಳಿಯ ತಾಲ್ಲೂಕು ಕಚೇರಿಗೆ ಹೋಗಿ, ಆ ಮೂಲೆಯಲ್ಲಿ ಗೋಡು ತೆಗೆಯದಂತೆ ತಡೆಯಲು ಅರ್ಜಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆವು. ಗುರುವಾರ ಬೆಳಿಗ್ಗೆ ನಿರ್ದೇಶಕಿ ಬಂದಾಗ ಟ್ರಾಕ್ಟರು ಆ ಮೂಲೆಗೆ ಅಡ್ಡಲಾಗಿ ನಿಂತೇ ಇತ್ತು.

ಕೆರೆಯಲ್ಲಿ ಉಳಿದದ್ದು ಅರ್ಧ ಮಡಕೆ. ಬಾಕಿಯದು ಹದಿನಾಲ್ಕು ಹೊಲಗಳಲ್ಲಿ ಹರಡಿದೆ. ಯಾವ ಹೊಲಕ್ಕೆ ಎಷ್ಟು ಹೋಯಿತೆಂದು ಶೆಡ್ಡಿನ ಗೋಡೆಯ ಇದ್ದಿಲು ಬಿಟ್ಟರೆ ಬೇರೆಲ್ಲೂ ದಾಖಲೆ ಇಲ್ಲ. ಅದನ್ನು ಪೂರ್ತಿ ನಕಲು ಮಾಡಿಕೊಂಡೆ. ಒಟ್ಟು 406 ಗೀಟು.

ಮಾರ್ಚ್ 6ರಂದು ಉಳಿದ ಹದಿಮೂರರಲ್ಲಿ ಮೊದಲ ಮನೆಗೆ ಹೋದೆವು. ನಮೂನೆಯ ಕೊನೆಯಲ್ಲಿ ಕೈಬರಹದಲ್ಲಿ ಇಪ್ಪತ್ತಮೂರನೆಯ ಪ್ರಶ್ನೆ ಸೇರಿಸಿದ್ದೆ. ಕ್ರಮ ಪ್ರಕಾರ ಒಂದರಿಂದ ಶುರು ಮಾಡಲು ಬಾಯಿ ತೆರೆದೆ. ಮೇಷ್ಟ್ರು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ನೇರ ತಳಕ್ಕೆ ಹೋದರು.

"ಏನಪ್ಪ, ನಿನ್ನ ಹೊಲಕ್ಕೆ ಗೋಡು ಹೊಡೆಸಿದೀಯಾ?"

"ಒಡಿಸಿವ್ನಿ ಮೇಷ್ಟ್ರೇ," ಎಂದ ರೈತ, ಜಗಲಿಯಿಂದ ಎದ್ದು. "ಯಾಕೆ, ತಪ್ಪಾಯ್ತಾ?"

"ನಿನ್ನದಲ್ಲ ಕಣಪ್ಪ ತಪ್ಪು. ಎಷ್ಟು ಲೋಡು?"

ಅವನು ಬೆರಳು ಮಡಚಿ ನೆನಪು ಮಾಡಿಕೊಂಡ. "ಇಪ್ಪತ್ತೊಂಬತ್ತು."

ನಾನು ನಕಲು ತೆಗೆದು ನೋಡಿದೆ. ಇಪ್ಪತ್ತೊಂಬತ್ತೇ ಇತ್ತು.